ಎಲ್ಲಿಗೆ ಅಂತ ಕೇಳಬಾರದು

ಮೊನ್ನೆ ಟ್ಯಾಕ್ಸಿ ಕರೆಯೋಣವೆಂದು ಫೋನು ಕೈಗೆತ್ತಿಕೊಂಡೆ. ಪರದೆಯ ಮೇಲೆ ಒಂದು ಖಾಲಿ ಚೌಕ, ಅದರೊಳಗೆ ಬೂದು ಬಣ್ಣದ ಅಕ್ಷರದಲ್ಲಿ ‘ಎಲ್ಲಿಗೆ?’ ಎಂಬ ಪ್ರಶ್ನೆ. ನಾನು ಫೋನನ್ನು ಮೇಜಿನ ಮೇಲಿಟ್ಟು, ಕುರ್ಚಿಯಲ್ಲಿ ಕೂತು, ಎರಡು ಗುಟುಕು ನೀರು ಕುಡಿದು, ಆಮೇಲೆ ಮತ್ತೆ ಅದನ್ನು ಎತ್ತಿಕೊಂಡೆ. ಇದನ್ನು ನೋಡುತ್ತಿದ್ದ ಮಗಳು ಚೈತ್ರಾ, ಕೇಳಿದ್ದು ಆ್ಯಪು, ಮನುಷ್ಯರಲ್ಲ ಎಂದು ನೆನಪಿಸಿದಳು. ಅದು ನನಗೂ ಗೊತ್ತಿದೆ. ಆದರೆ ಐವತ್ತೆರಡು ವರ್ಷದ ಅಭ್ಯಾಸಕ್ಕೆ ಕೇಳಿದವರು ಯಾರು ಎಂದು ವಿಚಾರಿಸಿಕೊಂಡು ಕೂರುವ ತಾಳ್ಮೆ ಇಲ್ಲ.

ನಿಮ್ಮ ಮನೆಯಲ್ಲೂ ಈ ಪದ್ಧತಿ ಇದ್ದಿರಬಹುದು. ಹೊರಟು ನಿಂತವರನ್ನು ಎಲ್ಲಿಗೆ ಎಂದು ಕೇಳಬಾರದು. ಕೇಳಿದರೆ ಹೋದ ಕೆಲಸ ಕೆಡುತ್ತದೆ. ಬೇಕಿದ್ದರೆ ‘ಹೊರಟ್ರಾ?’ ಎನ್ನಬಹುದು, ‘ದೂರ ಹೊರಟ ಹಾಗಿದೆ’ ಎನ್ನಬಹುದು, ಗೇಟಿನ ಚಿಲಕ ಸರಿಮಾಡುವ ನೆಪದಲ್ಲಿ ನಿಂತು ಅವರಾಗಿಯೇ ಹೇಳುವವರೆಗೆ ಕಾಯಬಹುದು. ಅಪ್ಪಿತಪ್ಪಿ ಯಾರಾದರೂ ಕೇಳಿಬಿಟ್ಟರೆ ಹೊರಟವರು ಒಳಗೆ ಬಂದು, ಕೂತು, ನೀರು ಕುಡಿದು, ಹೊಸದಾಗಿ ಹೊರಡಬೇಕು. ಬೇರೆಯವರ ಮನೆಯಲ್ಲಿ ಇದು ಒಂದು ಸಣ್ಣ ನಂಬಿಕೆ. ನಮ್ಮ ಮನೆಯಲ್ಲಿ ಮಾತ್ರ ಸಂವಿಧಾನ.

ಮಾಕಳಿ ಪಕ್ಕದ ನಮ್ಮ ಹಳ್ಳಿಯಲ್ಲಿ, ನಾನು ಏಳೆಂಟು ವರ್ಷದವನಾಗಿದ್ದಾಗ, ಚಿಕ್ಕಪ್ಪನಿಗೆ ಹೆಣ್ಣು ನೋಡಲು ಹಿರಿಯರೆಲ್ಲ ಹೊರಟಿದ್ದರು. ಇಸ್ತ್ರಿಯ ಬಿಳಿ ಅಂಗಿ, ಬಗಲಲ್ಲಿ ಛತ್ರಿ, ಕೈಯಲ್ಲಿ ಬಾಳೆಹಣ್ಣಿನ ಚೀಲ. ಬಾಗಿಲಲ್ಲಿ ನಿಂತಿದ್ದ ನಾನು ‘ಎಲ್ಲಿಗಪ್ಪಾ?’ ಎಂದೆ. ತಲೆಯ ಮೇಲೆ ಒಂದು ಮೊಟಕು ಬಿತ್ತು, ಎಲ್ಲರೂ ಒಳಗೆ ಹೋಗಿ ಕೂತು ನೀರು ಕುಡಿದರು. ಎರಡನೇ ಸಲ ಹೊರಟಾಗ ಹಾಲಿನ ಡೇರಿ ಮುಂದೆ ಯಾರೋ ಕೇಳಿದರು. ಮತ್ತೆ ವಾಪಸು. ಮೂರನೇ ಸಲ ಬಸ್ಸು ನಿಲ್ಲುವ ಕಡೆ ಕಿವಿ ಮಂದವಾಗಿದ್ದ ಮುದುಕರೊಬ್ಬರು ಕೇಳಿದರು, ಉತ್ತರ ಕೇಳಿಸದ್ದರಿಂದ ಇನ್ನೊಂದು ಸಲವೂ ಕೇಳಿದರು. ಆ ಎರಡನೆಯದಕ್ಕೆ ಬೇರೆ ನೀರು ಕುಡಿಯಬೇಕೋ ಒಂದೇ ಸಾಕೋ ಎಂಬ ಚರ್ಚೆಯಲ್ಲಿ ಬಸ್ಸು ತಪ್ಪಿತು. ಇವರು ಹೋಗಿ ಸೇರುವ ಹೊತ್ತಿಗೆ ಬೇರೊಂದು ಕಡೆಯವರು ಬಂದು, ಹುಡುಗಿಯನ್ನು ಒಪ್ಪಿ, ಇವರ ಪಾಲಿನ ಉಪ್ಪಿಟ್ಟನ್ನೂ ತಿಂದು ಹೋಗಿದ್ದರು. ಚಿಕ್ಕಪ್ಪ ಇವತ್ತಿಗೂ ನನ್ನನ್ನು ಒಂದು ಥರ ನೋಡುತ್ತಾರೆ. ಅದು ಕೋಪವೋ ಕೃತಜ್ಞತೆಯೋ ಎಂಬುದು ಚಿಕ್ಕಮ್ಮನ ಆವತ್ತಿನ ಮೂಡಿನ ಮೇಲೆ ಹೋಗುತ್ತದೆ.

ಬೆಂಗಳೂರಿನ ಲಗ್ಗೆರೆಗೆ ಬಂದ ಮೇಲೆ ಈ ಸಂವಿಧಾನವನ್ನು ಕಾಪಾಡುವುದು ಬಹಳ ಕಷ್ಟವಾಯಿತು. ಪೇಟೆಯೆಂದರೆ ಎಲ್ಲರೂ ಎಲ್ಲಿಗೆ ಎಂದು ಕೇಳುವ ಜಾಗ. ಆಟೊದವರು ಕೇಳುತ್ತಾರೆ. ಬಸ್ಸಿನ ಕಂಡಕ್ಟರಿಗಂತೂ ಅದನ್ನು ಕೇಳುವುದೇ ಉದ್ಯೋಗ. ನಾನು ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಬೋಲ್ಟು ನಟ್ಟುಗಳ ಅಳತೆ ನೋಡುವವನು. ನಮ್ಮಲ್ಲಿ ಅದಕ್ಕೊಂದು ಸಾಧನವಿದೆ, ಗೇಜು ಎನ್ನುತ್ತಾರೆ. ಅದರ ಒಂದು ತುದಿಗೆ ‘ಗೋ’ ಎಂದು ಹೆಸರು, ಇನ್ನೊಂದು ತುದಿಗೆ ‘ನೋ ಗೋ’. ಒಂದು ತುದಿ ನಟ್ಟಿನೊಳಗೆ ಹೋಗಬೇಕು, ಇನ್ನೊಂದು ಹೋಗಬಾರದು, ಆಗ ಮಾಲು ಪಾಸು. ಇಡೀ ದಿನ ಅಲ್ಲಿ ಹೋಗುವುದು ಹೋಗದಿರುವುದನ್ನು ನಿರ್ಧರಿಸಿ ಮನೆಗೆ ಬಂದರೆ ಇಲ್ಲೂ ಅದೇ ಕೆಲಸ. ಒಂದೇ ವ್ಯತ್ಯಾಸವೆಂದರೆ, ಮನೆಯಲ್ಲಿ ಗೇಜು ಇರುವುದು ತಾಯಮ್ಮತ್ತೆಯ ಕೈಯಲ್ಲಿ.

ತಾಯಮ್ಮತ್ತೆ ನನ್ನ ಅಪ್ಪನ ತಂಗಿ. ಅರವತ್ತೆಂಟು ವರ್ಷ. ಮದುವೆಯಾದ ಎರಡು ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು, ಆಮೇಲೆ ನಮ್ಮ ಜೊತೆಯೇ ಇದ್ದಾರೆ. ಇದ್ದಾರೆ ಎಂದೆ, ಆದರೆ ಅವರು ಮನೆಯಲ್ಲಿ ಇದ್ದದ್ದು ಕಡಿಮೆ. ನಮ್ಮ ಬಳಗದಲ್ಲಿ ಯಾರಿಗೆ ಮಗು ಹುಟ್ಟಿದರೂ ಬಾಣಂತನಕ್ಕೆ ತಾಯಮ್ಮತ್ತೆಯೇ ಬರಬೇಕು. ಯಾರಿಗೆ ಕಾಲು ಮುರಿದರೂ ಅವರೇ. ಶಿವಮೊಗ್ಗ, ಹುಬ್ಬಳ್ಳಿ, ಮಂಗಳೂರು, ಮುಂಬಯಿ, ಎಲ್ಲವನ್ನೂ ನೋಡಿದವರು. ಮಂಗಳೂರು ಹೇಗಿತ್ತು ಎಂದು ಒಮ್ಮೆ ಕೇಳಿದೆ. ಒಲೆಯನ್ನು ಕಿಟಕಿಯ ಪಕ್ಕ ಇಟ್ಟಿದ್ದಾರೆ, ಗಾಳಿಗೆ ಉರಿ ನಿಲ್ಲುವುದಿಲ್ಲ ಎಂದರು. ಮುಂಬಯಿ? ಸಿಂಕು ಎತ್ತರ. ಸಮುದ್ರ ನೋಡಿದಿರಾ ಎಂದರೆ, ನಾಲ್ಕು ಬೀದಿಯ ಆಚೆ ಇತ್ತಂತೆ, ಮೀನು ಮಾರುವವಳು ಹೇಳುತ್ತಿದ್ದಳು ಎಂದರು. ಭಾರತದ ಭೂಪಟವನ್ನು ಅವರು ಅಡುಗೆಮನೆಯಿಂದ ಅಡುಗೆಮನೆಗೆ ಓದಿಕೊಂಡಿದ್ದಾರೆ.

ಈ ಅತ್ತೆಯ ಎರಡೂ ಮಂಡಿ ಸವೆದುಹೋಗಿ, ಡಾಕ್ಟರು ಆಪರೇಷನ್ನಿಗೆ ದಿನ ಕೊಟ್ಟರು. ಅದಾದ ಮೇಲೆ ನಮ್ಮ ಎರಡನೇ ಮಹಡಿಯಿಂದ ಇಳಿಯಲು ಎಷ್ಟು ತಿಂಗಳಾಗುತ್ತದೋ, ಇಳಿಯಲು ಆಗುತ್ತದೋ ಇಲ್ಲವೋ, ಯಾರೂ ಖಚಿತವಾಗಿ ಹೇಳಲಿಲ್ಲ. ಒಂದು ಸಂಜೆ ಅವರೆಕಾಯಿ ಸುಲಿಯುತ್ತ ಕೂತವರು ತಲೆಯೆತ್ತದೆ ನನಗೆ ಹೇಳಿದರು, “ಮಂಡಿ ಕುಯ್ಯಕ್ ಮುಂಚೆ ಒಂದ್ ದಪ ಸುಮ್ಕೆ ಓಗ್ ಬರಾನ ಕಣ್ಲಾ ಸೀನ.”

ಆ ‘ಸುಮ್ಕೆ’ ನನ್ನ ಮನಸ್ಸಿಗೆ ತಟ್ಟಿತು. ಅತ್ತೆ ಸುಮ್ಮನೆ ಎಲ್ಲಿಗೂ ಹೋದವರಲ್ಲ. ಆಗಲಿ ಅತ್ತೆ, ಕರೆದುಕೊಂಡು ಹೋಗುತ್ತೇನೆ ಎಂದು ಮಾತು ಕೊಟ್ಟೆ. ಮಾತು ಕೊಡುವುದರಲ್ಲಿ ನನ್ನದು ಎತ್ತಿದ ಕೈ.

ಮೊದಲ ಭಾನುವಾರ ಹೊರಟೆವು. ಅತ್ತೆ ಗೋಡೆ ಹಿಡಿದು ಮೂವತ್ತೆಂಟು ಮೆಟ್ಟಿಲು ಇಳಿದು ಬಂದು ಚಪ್ಪಲಿ ಮೆಟ್ಟುವಾಗ, ಕೆಳಗಿನ ಮನೆಯ ಬಾಡಿಗೆದಾರರು ಹಲ್ಲುಜ್ಜುತ್ತ ಬಂದು ಬಾಯಿ ತುಂಬ ನೊರೆ ಇಟ್ಟುಕೊಂಡೇ ‘ಎಲ್ಲಿಗೆ?’ ಎಂದರು. ಅತ್ತೆ ಮೂವತ್ತೆಂಟೂ ಮೆಟ್ಟಿಲು ಹತ್ತಿದರು, ಕೂತರು, ನೀರು ಕುಡಿದರು. ಮತ್ತೆ ಇಳಿಯಲು ಮಂಡಿ ಒಪ್ಪಲಿಲ್ಲ. ಎರಡನೇ ಭಾನುವಾರ ನಾನೇ ಮುಂಚಿತವಾಗಿ ಕೆಳಗಿನ ಮನೆಗೆ ಹೋಗಿ, ದಯವಿಟ್ಟು ಏನೂ ಕೇಳಬೇಡಿ ಎಂದು ಕೈಮುಗಿದು ಬಂದೆ. ಅವರು ಪಾಪ ಬಾಯಿಗೆ ಕರವಸ್ತ್ರ ಹಿಡಿದು ನಿಂತಿದ್ದರು. ಆವತ್ತು ಹಾಲು ಹಾಕುವವಳು ಕೇಳಿದಳು.

ಆಪರೇಷನ್ನಿಗೆ ಇನ್ನು ಉಳಿದದ್ದು ಒಂದೇ ಶನಿವಾರ. ಉಪಾಯ ಕಂಡುಹಿಡಿದವಳು ನನ್ನ ಹೆಂಡತಿ ಸುಧಾ. ಕೂರಬೇಕಾದದ್ದು ಮನೆಯಲ್ಲಿ ತಾನೆ, ಮನೆಯ ಕುರ್ಚಿಯನ್ನೇ ಜೊತೆಗೆ ತೆಗೆದುಕೊಂಡು ಹೋದರೆ ಆಗದೇ ಎಂದಳು. ಅತ್ತೆ ಒಂದು ರಾತ್ರಿ ಪೂರ್ತಿ ಯೋಚನೆ ಮಾಡಿ ಬೆಳಿಗ್ಗೆ ತೀರ್ಪು ಕೊಟ್ಟರು: ಕುರ್ಚಿ ನಮ್ಮದು, ನೀರು ನಮ್ಮದು, ಆದ್ದರಿಂದ ಅದು ಮನೆಯೇ. ನಮ್ಮ ಕೆಂಪು ಪ್ಲಾಸ್ಟಿಕ್ ಕುರ್ಚಿಗೆ ಅಂದಿನಿಂದ ಮನೆಯ ದರ್ಜೆ ಸಿಕ್ಕಿತು.

ಗಾಡಿಯ ಹೊಣೆ ಮಂಜನದು. ಅವನು ನನ್ನ ಜೊತೆ ಏಳನೇ ಕ್ಲಾಸಿನವರೆಗೆ ಓದಿದವನು, ಈಗ ಟೆಂಪೊ ಟ್ರಾವೆಲರ್ ಇಟ್ಟುಕೊಂಡು ವೈಟ್‌ಫೀಲ್ಡಿನ ಒಂದು ಆಫೀಸಿಗೆ ಜನರನ್ನು ಸಾಗಿಸುತ್ತಾನೆ. ಎಲ್ಲಾದರೂ ಒಳ್ಳೆಯ ಕಡೆ ಕರೆದುಕೊಂಡು ಹೋಗೋ ಎಂದೆ. “ನಂಗ್ ಬಿಡು ಗುರು” ಎಂದ. ಇನ್ನೊಬ್ಬ ಗೆಳೆಯ ಬ್ರೂಕ್‌ಫೀಲ್ಡಿನ ಬಸವರಾಜ. ಹಾವೇರಿ ಕಡೆಯವನು, ಕಂಪ್ಯೂಟರಿನಲ್ಲಿ ದೊಡ್ಡ ಕೆಲಸ. ಅವರ ಕಂಪನಿಯ ಯಾವುದೋ ಯಂತ್ರಕ್ಕೆ ನಮ್ಮ ವರ್ಕ್‌ಶಾಪಿನಿಂದ ಬೋಲ್ಟು ಹೋಗುತ್ತಿದ್ದಾಗ ಪರಿಚಯ. ಬೋಲ್ಟು ಹೋಗುವುದು ನಿಂತಿತು, ಅವನು ಬರುವುದು ನಿಲ್ಲಲಿಲ್ಲ. ಅವನೂ ಹೆಂಡತಿ ಗಿರಿಜಾ ಅವರೂ ಬರುತ್ತೇವೆಂದರು. ಚೈತ್ರಾ ಫೋನಿನಲ್ಲಿ ಒಂದು ಗುಂಪು ಮಾಡಿ, ‘ಅತ್ತೆ ಟ್ರಿಪ್’ ಎಂದು ಹೆಸರಿಟ್ಟು, ಮುಖಚಿತ್ರವಾಗಿ ಎಲ್ಲಿಂದಲೋ ಒಂದು ಚಿತ್ರ ಹಾಕಿದಳು. ಹಿಂದೆ ಬೆಟ್ಟ, ಮುಂದೆ ನೀರು, ದಡದಲ್ಲಿ ಒಂದು ಗುಡಿ. ‘ಶನಿವಾರ ಬೆಳಿಗ್ಗೆ ಆರಕ್ಕೆ’ ಎಂದು ನಾನು ಬರೆದೆ. ಎಲ್ಲರೂ ಹೆಬ್ಬೆರಳು ಎತ್ತಿದರು. ಸಂಸ್ಕಾರವಂತರು, ಒಬ್ಬರೂ ಎಲ್ಲಿಗೆ ಎಂದು ಕೇಳಲಿಲ್ಲ.

ಶನಿವಾರ ಬಂತು. ಪೇಟೆಯ ಇನ್ನೊಂದು ತುದಿಯ ಬ್ರೂಕ್‌ಫೀಲ್ಡಿನಿಂದ ಲಗ್ಗೆರೆಗೆ ಬಂದದ್ದೇ ಒಂದು ಪ್ರವಾಸವೆಂದು ಗಿರಿಜಾ ಅವರು ಆಗಲೇ ನಿಟ್ಟುಸಿರು ಬಿಡುತ್ತಿದ್ದರು. ನಾನೂ ಮಂಜನೂ ಅತ್ತೆಯನ್ನು ಎರಡೂ ಕಡೆ ಹಿಡಿದು ಇಳಿಸಿದೆವು. ಹಿಂದೆ ಚಿತ್ರಾನ್ನದ ಪಾತ್ರೆ, ಅದರ ಹಿಂದೆ ಕುರ್ಚಿ. ಇಸ್ತ್ರಿ ಅಂಗಡಿಯವನು ನಮ್ಮ ಮೆರವಣಿಗೆ ನೋಡಿ, ತಡೆಯಲಾರದೆ, “ಎಲ್ಲಿಗೆ ಸಾರ್ ಎಲ್ರೂ?” ಎಂದ. ಕುರ್ಚಿ ಇಳಿಯಿತು. ಅತ್ತೆ ಬೀದಿಯ ಮಧ್ಯೆ ಕೂತು ಎರಡು ಗುಟುಕು ನೀರು ಕುಡಿದರು. ಒಂದು ಸ್ಕೂಟರು, ಒಂದು ಕಸದ ಗಾಡಿ, ಎರಡು ನಾಯಿ ಕಾದವು. ಅರ್ಧ ನಿಮಿಷದಲ್ಲಿ ಮನೆಯನ್ನು ಎತ್ತಿ ಗಾಡಿಗೆ ಹಾಕಿಕೊಂಡು ಹೊರಟೆವು. ಇಷ್ಟು ಸುಲಭದ ಉಪಾಯ ಆವತ್ತೇ ಹೊಳೆದಿದ್ದರೆ ಚಿಕ್ಕಪ್ಪನ ಸಂಸಾರ ಬೇರೆಯದೇ ಆಗಿರುತ್ತಿತ್ತು.

ತುಮಕೂರು ರಸ್ತೆಯಲ್ಲಿ ಟ್ರಾಫಿಕ್ ಪೊಲೀಸಿನವರೊಬ್ಬರು ಕೈ ತೋರಿಸಿದರು. ಕಾಗದಪತ್ರ ನೋಡಿ, ಎಲ್ಲವೂ ಸರಿಯಿದ್ದದ್ದರಿಂದ ಬೇರೇನು ಕೇಳುವುದೆಂದು ತೋಚದೆ, ಎಲ್ಲಿಗೆ ಹೊರಟಿದ್ದೀರಿ ಎಂದರು. ಹಿಂದಿನ ಬಾಗಿಲು ತೆರೆಯಿತು, ಕುರ್ಚಿ ಇಳಿಯಿತು, ಅತ್ತೆ ಇಳಿದರು, ಕೂತರು. ನಾನು ಬಾಟಲಿಯ ಮುಚ್ಚಳ ತೆಗೆದುಕೊಟ್ಟೆ. ಪೊಲೀಸಿನವರು ಸ್ವಲ್ಪ ಹೊತ್ತು ಕುರ್ಚಿಯನ್ನೂ ನೀರನ್ನೂ ನೋಡಿ, ಟೋಪಿ ತೆಗೆದು ತಲೆ ಕೆರೆದುಕೊಂಡು, “ಕೇಳ್ಬಾರ್ದಿತ್ತು ಕಣಮ್ಮ, ಬಾಯ್ತಪ್ಪಿ ಬಂದ್ಬಿಡ್ತು” ಎಂದರು. ಅವರದೂ ಇದೇ ಕಡೆಯ ಹಳ್ಳಿಯಂತೆ. ಅತ್ತೆ ಮತ್ತೆ ಹತ್ತುವಾಗ ಅವರೇ ಕೈ ಹಿಡಿದರು.

ಮಾಕಳಿ ದಾಟಿತು. ಎಲ್ಲರಿಗೂ ಖುಷಿ. ಗಿರಿಜಾ ಅವರು ಕೋಡುಬಳೆ ಹಂಚಿದರು. ಇನ್ನೂ ಸ್ವಲ್ಪ ದೂರ ಹೋದ ಮೇಲೆ ರಸ್ತೆ ಎರಡಾಗಿ ಒಡೆಯುವ ಕಡೆ ಮಂಜ ಗಾಡಿಯನ್ನು ಪಕ್ಕಕ್ಕೆ ತೆಗೆದು ನಿಲ್ಲಿಸಿ, ನನ್ನ ಕಡೆ ತಿರುಗಿ ನಕ್ಕ.

“ಈಗ ಎಡಕ್ಕಾ ನೇರಾನಾ ಗುರು?”

“ನನ್ನೇನ್ ಕೇಳ್ತೀಯಾ? ನಿಂಗೆ ತಾನೆ ಬಿಟ್ಟಿದ್ದು.”

“ಓಡ್ಸೋದು ನಂಗ್ ಬಿಡು ಅಂದಿದ್ದು. ಜಾಗ ನೀನ್ ಹೇಳ್ತೀಯ ಅನ್ಕೊಂಡಿದ್ದೆ. ಹೊರಟ ಮೇಲೆ ನಾನ್ ಹೆಂಗ್ ಕೇಳ್ಲಿ?”

ಗಾಡಿಯೊಳಗೆ ಕೋಡುಬಳೆ ಕಡಿಯುವ ಸದ್ದು ನಿಂತಿತು. ಆಮೇಲೆ ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. ಚೈತ್ರಾ ಬೆಟ್ಟಕ್ಕೇ ಹೋಗುವುದೆಂದುಕೊಂಡು ಆ ಮುಖಚಿತ್ರ ಹಾಕಿದವಳು, ಆದ್ದರಿಂದ ಚಳಿಯ ಕೋಟು ತಂದಿದ್ದಳು. ಸುಧಾ ಗುಡಿಯನ್ನು ಮಾತ್ರ ನೋಡಿದ್ದಳು, ಹಾಗಾಗಿ ರೇಷ್ಮೆ ಸೀರೆ ಉಟ್ಟು ಮೂರು ತೆಂಗಿನಕಾಯಿ ಇಟ್ಟುಕೊಂಡಿದ್ದಳು. ಬಸವರಾಜ ಸಂಕೋಚದಿಂದ ಅಂಗಿ ಸ್ವಲ್ಪ ಎತ್ತಿ ತೋರಿಸಿದ. ಒಳಗೆ, ಸೊಂಟಕ್ಕೆ, ಗಾಳಿ ತುಂಬಿ ಈಜುವ ರಬ್ಬರಿನ ಬಳೆ. “ನೀರು ಕಾಣ್ಸಿತ್ರೀ ಚಿತ್ರದಾಗ” ಎಂದ. ದಾರಿಯಲ್ಲಿ ಯಾಕೆ ಅವನು ಅಷ್ಟು ನೆಟ್ಟಗೆ ಕೂತಿದ್ದ ಎಂಬುದು ಆಗ ಅರ್ಥವಾಯಿತು. ಬೆಟ್ಟ, ನೀರು, ಗುಡಿ ಮೂರೂ ಇರುವ ಆ ಊರು ಯಾವುದು ಎಂದು ಚೈತ್ರಾಳನ್ನು ಕೇಳಿದರೆ, ಅದು ಕಂಪ್ಯೂಟರು ಬರೆದ ಚಿತ್ರ, ಅಂಥ ಊರು ಎಲ್ಲೂ ಇಲ್ಲ ಎಂದಳು. ಇಲ್ಲದ ಊರಿಗೆ ಏಳು ಜನ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಸ್ನಾನ ಮಾಡಿದ್ದೆವು.

ಇಂಥ ತಪ್ಪು ಬೇರೆ ಯಾರಿಗೆ ಸಾಧ್ಯ ಹೇಳಿ. ಆಮೇಲೆ ಜಗಳ ಶುರುವಾಯಿತು. ಬೆಟ್ಟವೆಂದರೆ ಅತ್ತೆಯ ಮಂಡಿ ಏನು ಮಾಡಬೇಕು ಎಂದು ಸುಧಾ. ಗುಡಿಯಲ್ಲೂ ಮೆಟ್ಟಿಲಿರುತ್ತದೆ ಎಂದು ಚೈತ್ರಾ. ನೀರಿನಲ್ಲಿ ಮಂಡಿಗೆ ಭಾರವಿಲ್ಲ ಎಂದು ಬಸವರಾಜ, ಸೊಂಟದ ಬಳೆಯನ್ನು ಸಮರ್ಥಿಸಿಕೊಳ್ಳುವ ಧ್ವನಿಯಲ್ಲಿ. ಮಂಜ ತನಗೆ ಸಂಬಂಧವಿಲ್ಲವೆಂಬಂತೆ ಕನ್ನಡಿ ಒರೆಸತೊಡಗಿದ. ಎಲ್ಲರೂ ಅತ್ತೆಯ ಪರವಾಗಿಯೇ ವಾದಿಸುತ್ತಿದ್ದೆವು. ಅತ್ತೆ ಕಿಟಕಿಯ ಪಕ್ಕ ಕೂತು ಹೊರಗೆ ಒಂದು ಫ್ಯಾಕ್ಟರಿಯ ಕಾಂಪೌಂಡು ಗೋಡೆಯನ್ನು ನೋಡುತ್ತಿದ್ದರು. ಆ ಮುಖದಲ್ಲಿ ಬೇಸರವೂ ಇರಲಿಲ್ಲ. ಹೇಗೂ ಯಾರೋ ಒಬ್ಬರು ಕರೆದುಕೊಂಡು ಹೋಗುತ್ತಾರೆ, ಅಲ್ಲಿ ಹೋಗಿ ಸೆರಗು ಸಿಕ್ಕಿಸಿಕೊಂಡರಾಯಿತು ಎಂಬ ಹಳೆಯ ಸಮಾಧಾನ ಮಾತ್ರ ಇತ್ತು. ನನಗೆ ಒಮ್ಮೆಗೇ ನಾಚಿಕೆಯಾಯಿತು. ಮಾತು ಕೊಟ್ಟವನು ನಾನು. ಗಾಡಿ ಹೇಳಿದೆ, ಕುರ್ಚಿ ಹೇರಿದೆ, ಪಾತ್ರೆ ಹೇರಿದೆ, ಕೇಳಬೇಕಾದವರನ್ನು ಕೇಳಬೇಕಾದದ್ದನ್ನು ಕೇಳಿರಲಿಲ್ಲ. ಪದ್ಧತಿಯ ಮರೆಯಲ್ಲಿ ನಾವು ಯಾರೂ, ಯಾವತ್ತೂ, ಕೇಳಿರಲಿಲ್ಲ.

ಧೈರ್ಯ ಮಾಡಿ ಕೇಳಿಬಿಟ್ಟೆ. “ಅತ್ತೆ, ನಿಮ್ಗೆ ಎಲ್ಲಿಗೆ ಹೋಗ್ಬೇಕು?”

ಗಿರಿಜಾ ಅವರು ಅಭ್ಯಾಸವಾಗಿಹೋದವರಂತೆ ಕುರ್ಚಿಗೆ ಕೈ ಹಾಕಿದರು. ಅತ್ತೆ ಬೇಡವೆಂದು ಕೈಯಾಡಿಸಿದರು. ನನ್ನ ಮುಖವನ್ನೇ ನೋಡಿದರು. ಕಣ್ಣು ತುಂಬಿತ್ತು, ಆದರೆ ಅದಕ್ಕೆ ಅವರು ಗಮನ ಕೊಡಲಿಲ್ಲ.

“ಯಾರ್ ಮನೇಗೂ ಬ್ಯಾಡ ಕಣ್ಲಾ” ಎಂದರು. “ಮನೆ ಇಲ್ದಿರ ಕಡೆ ಎಲ್ಲಾರ ಸರಿ.”

ಕೇಳಿದ್ದು ಇಷ್ಟೇ. ಬಸವರಾಜನಿಗೂ ನನಗೂ ಬಹಳ ಸುಲಭವೆನಿಸಿತು. ಆದರೆ ಬೆಂಗಳೂರಿನಿಂದ ಹೊರಬಂದು ಮನೆ ಇಲ್ಲದ ಜಾಗ ಹುಡುಕಿ ನೋಡಿ, ಆಗ ಗೊತ್ತಾಗುತ್ತದೆ. ತೆಂಗಿನ ತೋಟವೆಂದು ಒಳಗೆ ತಿರುಗಿದರೆ ಅದರ ಹಿಂದೆ ಹನ್ನೆರಡು ಮಹಡಿ. ರಾಗಿ ಹೊಲದ ಮಧ್ಯೆ ಗಾಜಿನ ಬಂಗಲೆ. ಕೆರೆಯೆಂದು ಹೋದರೆ ಕೆರೆಯೊಳಗೇ ಎರಡು ಬೀದಿ. ಒಂದು ಬಂಡೆಯ ಮೇಲೆ ಯಾರೂ ಇಲ್ಲವೆಂದು ಸಂತೋಷಪಟ್ಟು ಹತ್ತಿರ ಹೋದರೆ ಅಲ್ಲೊಂದು ಟೆಂಟು, ಅದರ ಮುಂದೆ ರಂಗೋಲಿ. ಪ್ರತಿ ಸಲ ಅತ್ತೆ ಕಿಟಕಿಯಿಂದ ಕತ್ತು ಚಾಚಿ ನೋಡಿ, ಹೊಗೆ ಕಾಣುತ್ತಿದೆ, ಅಲ್ಲಿ ಯಾರೋ ಒಗ್ಗರಣೆ ಹಾಕುತ್ತಿದ್ದಾರೆ, ಬೇಡ ಎನ್ನುತ್ತಿದ್ದರು. ಅವರ ಮೂಗಿಗೆ ಒಂದು ಫರ್ಲಾಂಗಿನ ಸಾಸಿವೆ ತಿಳಿಯುತ್ತಿತ್ತು.

ಕೊನೆಗೆ ಸಿಕ್ಕಿತು. ದೊಡ್ಡದೊಂದು ಕಮಾನು, ಅದರ ಮೇಲೆ ಲೇಔಟಿನ ಹೆಸರು, ಒಳಗೆ ಕಪ್ಪನೆಯ ಡಾಂಬರು ರಸ್ತೆಗಳು. ಒಂದನೇ ಮೇನು, ಎರಡನೇ ಕ್ರಾಸು ಎಂಬ ಹಳದಿ ಫಲಕಗಳು, ಸಾಲಾಗಿ ದೀಪದ ಕಂಬಗಳು, ಚರಂಡಿ, ಪುಟ್ಟ ಪಾರ್ಕು. ಮನೆ ಮಾತ್ರ ಒಂದೂ ಇಲ್ಲ. ಗಡಿಗೆ ನೆಟ್ಟ ಬಿಳಿ ಕಲ್ಲುಗಳ ನಡುವೆ ಹುಲ್ಲು ಬೆಳೆದಿತ್ತು. ಅತ್ತೆ ಮೂಗರಳಿಸಿ ನಾಲ್ಕು ದಿಕ್ಕಿಗೂ ತಿರುಗಿ ಗಾಳಿ ಪರೀಕ್ಷಿಸಿ, ಇಳಿಯೋಣ ಎಂದರು.

ಒಂದು ಸೈಟಿನ ಮೂಲೆಯ ಹುಲ್ಲಿನ ಮೇಲೆ ಅವರು ಕಾಲು ನೀಡಿ ಕೂತರು. ನಾವು ಪಾತ್ರೆಗಳನ್ನು ಪಕ್ಕದಲ್ಲೇ ಇಳಿಸಿದೆವು. ಅಷ್ಟರಲ್ಲಿ ಟೈ ಕಟ್ಟಿದ ಒಬ್ಬ ತರುಣ ಬಣ್ಣದ ಛತ್ರಿಯ ಕೆಳಗಿನಿಂದ ಎದ್ದು ಓಡಿ ಬಂದ. ಸೈಟು ಮಾರುವವನು. ವಾರದಿಂದ ಒಂದು ನರಪಿಳ್ಳೆಯೂ ಬಂದಿರಲಿಲ್ಲವೆಂದು ಕಾಣುತ್ತದೆ, ರೇಷ್ಮೆ ಸೀರೆ, ತೆಂಗಿನಕಾಯಿ ನೋಡಿ ಅವನಿಗೆ ಪೂಜೆ ಮಾಡಿ ಕೊಳ್ಳಲು ಬಂದವರೇ ಎನಿಸಿರಬೇಕು. ನಾವು ಸುಮ್ಮನೆ ಬಂದವರು ಎಂದು ನಾನು ಎಷ್ಟು ಹೇಳಿದರೂ, ಸುಮ್ಮನೆ ನೋಡಿ ಸಾರ್, ಸುಮ್ಮನೆ ನೋಡಿದವರೇ ಕೊಳ್ಳುವುದು ಎಂದು ಹಠ ಹಿಡಿದ. ಬಸವರಾಜನ ಸೊಂಟವನ್ನು ನೋಡಿ, ಮುಂದೆ ಈಜುಕೊಳವೂ ಬರುತ್ತದೆ ಎಂದು ಆಶ್ವಾಸನೆ ಕೊಟ್ಟ. ಬಸವರಾಜ ಕ್ಷಣಕಾಲ ನಿಜವಾಗಿ ಆಸೆಪಟ್ಟ.

ಸುಧಾ ಎಲೆ ತೆಗೆಯುತ್ತಿದ್ದಂತೆ ಅತ್ತೆಯ ಕೈ ತಾನಾಗಿ ಚಿತ್ರಾನ್ನದ ಸೌಟಿಗೆ ಹೋಯಿತು. ಅರವತ್ತೆಂಟು ವರ್ಷದ ಕೈ. ನಾನು ತಡೆಯುವುದರೊಳಗೆ ಮುಚ್ಚಳ ತೆಗೆದು ಮಗುಚಲು ಶುರುಮಾಡಿದ್ದರು. ನನ್ನ ಮನಸ್ಸು ಪೂರ್ತಿ ಕುಗ್ಗಿಹೋಯಿತು. ಇಷ್ಟೆಲ್ಲ ಮಾಡಿ ಅವರನ್ನು ಇನ್ನೊಂದು ಪಾತ್ರೆಯ ಮುಂದೆ ಕೂರಿಸಲು ಕರೆತಂದ ಹಾಗಾಯಿತು.

ಟೈ ಕಟ್ಟಿದವನು ಇದೊಂದನ್ನೂ ಗಮನಿಸದೆ ತನ್ನ ಪಾಠ ಒಪ್ಪಿಸುತ್ತಿದ್ದ. ಪೂರ್ವಕ್ಕೆ ಬಾಗಿಲು, ಈಶಾನ್ಯಕ್ಕೆ ದೇವರು, ಪಕ್ಕಾ ವಾಸ್ತು. ಆಮೇಲೆ ಅತ್ತೆಯ ಕಡೆ ತಿರುಗಿ ಬಹಳ ಗೌರವದಿಂದ ಹೇಳಿದ, “ಇದು ಆಗ್ನೇಯ ಮೂಲೆ ಅಮ್ಮ. ನೀವ್ ಕೂತಿದ್ದೀರಲ್ಲ, ಅಡುಗೆಮನೆ ಕರೆಕ್ಟಾಗಿ ಅಲ್ಲೇ ಬರುತ್ತೆ.”

ಅತ್ತೆಯ ಸೌಟು ನಿಂತಿತು. ತಾವು ಕೂತಿದ್ದ ಹುಲ್ಲನ್ನು ಒಮ್ಮೆ ನೋಡಿಕೊಂಡರು.

“ಅಂಗಾರೆ ಬಂದೋರು ಕೂತ್ಕಣಾದು ಎಲ್ಲಿ?” ಎಂದು ಅವನನ್ನು ಕೇಳಿದರು.

ಅವನು ಹತ್ತು ಹೆಜ್ಜೆ ಆಚೆ ಹೋಗಿ, ಎರಡೂ ಕೈ ಚಾಚಿ ನಿಂತು, ಇಷ್ಟೂ ಹಾಲ್ ಅಮ್ಮ, ಒಳ್ಳೇ ಗಾಳಿ ಬರುತ್ತೆ ಎಂದು ತೋರಿಸಿದ.

ಅತ್ತೆ ಸೌಟನ್ನು ನನ್ನ ಕೈಗೆ ಕೊಟ್ಟರು. ಯಾರನ್ನೂ ಹಿಡಿಯಗೊಡದೆ, ಒಂದು ಕೈ ನೆಲಕ್ಕೆ ಒಂದು ಕೈ ಮಂಡಿಗೆ ಊರಿ, ಮೆಲ್ಲಗೆ ಎದ್ದರು. ಆ ಹತ್ತು ಹೆಜ್ಜೆ ನಡೆಯಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಗೋಡೆಯೂ ಸೂರೂ ಇಲ್ಲದ ಆ ಹಾಲಿನ ನಟ್ಟನಡುವೆ ಹೋಗಿ, ಸೆರಗು ಬಿಚ್ಚಿ ಗಾಳಿಗೆ ಬಿಟ್ಟು, ಎರಡೂ ಕಾಲು ನೀಡಿ ಕೂತರು. ಆಮೇಲೆ ನಮ್ಮ ಕಡೆ ತಿರುಗಿ ಕೂಗಿದರು.

“ಯಾರ್ರವ್ವ ಇರಾದು ಅಡುಗೆಮನೇಲಿ? ಒಟ್ಟೆ ಅಸೀತೈತೆ, ಬಡಿಸ್ಕೊಂಡ್ ಬನ್ನಿ.”

ಅಡುಗೆಮನೆಯಲ್ಲಿ ಇದ್ದವನು ನಾನು. ಬಡಿಸಿಕೊಂಡು ಹೋದೆ.